ಮೂತ್ರಪಿಂಡ ನಿಂತದ್ದೇಕೆ? ಚಂಡೀಗಢದ ಶೋಧ, ಸಿಂಧನೂರು ಸೀಮೆಯ ನೆಲ

ಡಯಾಲಿಸಿಸ್‌ನ ಚರಿತ್ರೆ ಎಂದು ಬರೆದದ್ದೆಲ್ಲ ಬಹುಮಟ್ಟಿಗೆ ಯಂತ್ರದ ಚರಿತ್ರೆಯೇ ಆಗಿದೆ. ಯಂತ್ರ ಕಟ್ಟಿದವರ ಹೆಸರು ಪಠ್ಯಪುಸ್ತಕಗಳಲ್ಲಿ ನೆಲೆನಿಂತಿತು. ಆ ಯಂತ್ರದ ಬಳಿಗೆ ಬಂದ ರೋಗಿಯ ಮೂತ್ರಪಿಂಡ ಮೊದಲಿಗೆ ನಿಂತದ್ದೇಕೆ ಎಂದು ದಶಕಗಟ್ಟಲೆ ಬೆನ್ನುಹತ್ತಿದವರ ಹೆಸರು ವೈದ್ಯರ ವಲಯದಾಚೆಗೆ ಅಷ್ಟಾಗಿ ದಾಟಲಿಲ್ಲ. ಭಾರತದಲ್ಲಿ ಈ ಪ್ರಶ್ನೆಯನ್ನು ಕ್ರಮಬದ್ಧವಾಗಿ ಕೇಳಿದ ಮೊದಲಿಗರಲ್ಲಿ ಪ್ರಮುಖರು ಚಂಡೀಗಢದ ಡಾ. ಕಿರ್ಪಾಲ್ ಸಿಂಗ್ ಚುಘ್. ಅವರು ದುಡಿದದ್ದು ಪಂಜಾಬಿನ ಬಯಲಿನಲ್ಲಾದರೂ, ಅವರ ಶೋಧದ ವಸ್ತುವಾದ ಹಾವಿನ ವಿಷ, ವಾಂತಿಭೇದಿ, ಹೆರಿಗೆಯ ಆಪತ್ತು ಮತ್ತು ಹೊಲಮನೆಯ ವಿಷಪದಾರ್ಥಗಳು ಯಾವ ಕೃಷಿ ಸೀಮೆಗೂ ಹೊರತಾದವಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೆಲ್ಲಿನ ಗದ್ದೆಗಳಿರುವ ಸಿಂಧನೂರು, ಕಲ್ಲುಗುಡ್ಡ ಮತ್ತು ಮಳೆಯಾಶ್ರಿತ ಹೊಲಗಳ ಲಿಂಗಸುಗೂರು, ಇವೆರಡರ ನಡುವೆ ಹೊಸದಾಗಿ ತಾಲ್ಲೂಕಾದ ಮಸ್ಕಿ, ರಾಯಚೂರು ಜಿಲ್ಲೆಯ ಈ ಮೂರಕ್ಕೂ ಅವರ ಪ್ರಶ್ನೆ ಇಂದಿಗೂ ನೇರವಾಗಿ ಅನ್ವಯಿಸುತ್ತದೆ.

ಮೊದಲು ಯಂತ್ರದ ಮಾತು. ಸೂಕ್ಷ್ಮ ರಂಧ್ರಗಳಿರುವ ಪೊರೆಯೊಂದರ ಒಂದು ಬದಿಗೆ ರಕ್ತವನ್ನೂ ಇನ್ನೊಂದು ಬದಿಗೆ ಲವಣಗಳನ್ನು ಹದವಾಗಿ ಬೆರೆಸಿದ ಶುದ್ಧ ನೀರನ್ನೂ ಹರಿಸಿದರೆ, ರಕ್ತದಲ್ಲಿ ಹೆಚ್ಚಾಗಿರುವ ಯೂರಿಯಾ, ಪೊಟ್ಯಾಸಿಯಂನಂತಹ ಸಣ್ಣ ಕಣಗಳು ಪೊರೆಯನ್ನು ದಾಟಿ ನೀರಿಗೆ ಸೇರುತ್ತವೆ, ರಕ್ತಕಣಗಳೂ ಪ್ರೋಟೀನುಗಳೂ ದಾಟಲಾರದೆ ಉಳಿಯುತ್ತವೆ. ಡಯಾಲಿಸಿಸ್ ಎಂದರೆ ಇಷ್ಟೆ. ನೆದರ್ಲೆಂಡ್ಸ್‌ನ ವಿಲೆಮ್ ಕೋಲ್ಫ್ (1911–2009) ಇದನ್ನು ಮನುಷ್ಯನ ಜೀವ ಉಳಿಸುವ ಸಾಧನವನ್ನಾಗಿ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಅವರು ಸೆಲ್ಲೋಫೇನ್ ಕೊಳವೆಯನ್ನು ತಿರುಗುವ ಉರುಳೆಗೆ ಸುತ್ತಿ, ಅದರೊಳಗೆ ರೋಗಿಯ ರಕ್ತವನ್ನು ಹರಿಸಿ, ಉರುಳೆಯ ಕೆಳಭಾಗ ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿ ತಿರುಗುವಂತೆ ಮಾಡಿದರು. 1943ರಲ್ಲಿ ಆರಂಭವಾದ ಈ ಪ್ರಯೋಗದ ಮೊದಲ ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡರು. 1945ರಲ್ಲಿ 67 ವರ್ಷದ ಮಹಿಳೆಯೊಬ್ಬರು ಬದುಕಿ ಮನೆಗೆ ಹೋದಾಗ ಇದು ಸಾಧ್ಯವೆಂದು ಜಗತ್ತಿಗೆ ತಿಳಿಯಿತು. ಯುದ್ಧ ಮುಗಿದ ಮೇಲೆ ಕೋಲ್ಫ್ ತಮ್ಮ ಯಂತ್ರಗಳನ್ನು ಬೇರೆ ದೇಶಗಳ ಆಸ್ಪತ್ರೆಗಳಿಗೆ ಹಂಚಿಬಿಟ್ಟರು, ಮತ್ತು ವೈದ್ಯಕೀಯ ಚರಿತ್ರೆಯಲ್ಲಿ ಅಂತಹ ಔದಾರ್ಯ ಅಪರೂಪವಾದದ್ದು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ರಕ್ತನಾಳಕ್ಕೆ ಶಾಶ್ವತ ಕೊಳವೆ ಜೋಡಿಸುವ ವಿಧಾನವನ್ನೂ, 1966ರಲ್ಲಿ ನ್ಯೂಯಾರ್ಕಿನ ವೈದ್ಯರು ತೋಳಿನ ಅಪಧಮನಿ ಮತ್ತು ಅಭಿಧಮನಿಗಳನ್ನು ಕೂಡಿಸುವ ಫಿಸ್ಟುಲಾ ಶಸ್ತ್ರಚಿಕಿತ್ಸೆಯನ್ನೂ ಪ್ರಕಟಿಸಿದ ಮೇಲೆ, ಮೂತ್ರಪಿಂಡ ಮರಳಿ ಚೇತರಿಸದವರು ಕೂಡ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಪಡೆದು ವರ್ಷಗಟ್ಟಲೆ ಬದುಕುವಂತಾಯಿತು.

ಚುಘ್ ಅವರ ಕೆಲಸ ಆರಂಭವಾದದ್ದು ಇದೇ ಕಾಲದಲ್ಲಿ. 1932ರಲ್ಲಿ ಪಂಜಾಬಿನ ಪಟ್ಟಿ ಎಂಬ ಊರಿನಲ್ಲಿ ಹುಟ್ಟಿದ ಅವರು, 1962ರಲ್ಲಿ ಸ್ಥಾಪನೆಯಾದ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯನ್ನು ಸೇರಿ, ಮೂತ್ರಪಿಂಡ ರೋಗಗಳಿಗೆಂದೇ ಮೀಸಲಾದ ದೇಶದ ಮೊದಲ ವಿಭಾಗವನ್ನು ಅಲ್ಲಿ ಕಟ್ಟಿದರು. 2000ದಲ್ಲಿ ಪದ್ಮಶ್ರೀ ಪಡೆದು 2017ರಲ್ಲಿ ತೀರಿಕೊಂಡ ಅವರನ್ನು ಭಾರತೀಯ ನೆಫ್ರಾಲಜಿಯ, ಅಂದರೆ ಮೂತ್ರಪಿಂಡ ಶಾಸ್ತ್ರದ, ಪಿತಾಮಹರೆಂದು ಆ ಶಾಖೆಯ ವೈದ್ಯರು ಗೌರವಿಸುತ್ತಾರೆ. ಆದರೆ ಬಿರುದಿಗಿಂತ ಮುಖ್ಯವಾದದ್ದು ಅವರು ಹಿಡಿದ ದಾರಿ. ಪಾಶ್ಚಾತ್ಯ ಪುಸ್ತಕಗಳು ಹಠಾತ್ ಮೂತ್ರಪಿಂಡ ವೈಫಲ್ಯಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ, ಅಪಘಾತ, ಹೃದಯಾಘಾತಗಳನ್ನು ಕಾರಣವಾಗಿ ಪಟ್ಟಿ ಮಾಡುತ್ತಿದ್ದ ಹೊತ್ತಿಗೆ, ಚಂಡೀಗಢದ ವಾರ್ಡಿಗೆ ಬರುತ್ತಿದ್ದವರು ಬೇರೆಯೇ ಜನ: ವಾಂತಿಭೇದಿಯಲ್ಲಿ ಮೈಯ ನೀರೆಲ್ಲ ಬಸಿದುಹೋದವರು, ಅನಧಿಕೃತ ಗರ್ಭಪಾತದಿಂದ ನಂಜೇರಿದ ಹೆಂಗಸರು, ಹಾವು ಕಚ್ಚಿದ ರೈತರು, ಮೈಲುತುತ್ತ ನುಂಗಿದ ಯುವಕರು. ತಾಮ್ರದ ಸಲ್ಫೇಟ್ ಆದ ಮೈಲುತುತ್ತ ರಕ್ತದ ಕೆಂಪುಕಣಗಳನ್ನು ನಾಳದೊಳಗೇ ಒಡೆಯುತ್ತದೆ ಎಂಬುದನ್ನೂ, ಒಡೆದ ಕಣಗಳಿಂದ ಹೊರಬಿದ್ದ ಹಿಮೋಗ್ಲೋಬಿನ್ ಮೂತ್ರಪಿಂಡದ ನಳಿಕೆಗಳಿಗೆ ಹಾನಿ ಮಾಡುತ್ತದೆ ಎಂಬುದನ್ನೂ ಅವರ ತಂಡ 1970ರ ದಶಕದಲ್ಲೇ ದಾಖಲಿಸಿತು. ತಮ್ಮ ವಾರ್ಡಿನ ರೋಗಿಗಳು ಪುಸ್ತಕಕ್ಕೆ ಹೊಂದುವುದಿಲ್ಲವೆಂದು ಅವರು ರೋಗಿಗಳನ್ನು ಬದಿಗಿಡಲಿಲ್ಲ. ಪುಸ್ತಕವನ್ನೇ ಮತ್ತೆ ಬರೆಯಲು ಹೊರಟರು.

ಅವರ ಶೋಧಗಳಲ್ಲಿ ಸಿಂಧನೂರು ಸೀಮೆಗೆ ಅತಿ ಹತ್ತಿರವಾದದ್ದು ಹಾವಿನ ವಿಷಕ್ಕೆ ಸಂಬಂಧಿಸಿದ್ದು. ನಾಗರಹಾವು, ಕಟ್ಟುಹಾವುಗಳ ವಿಷ ನರಗಳನ್ನು ಹಿಡಿದು ಉಸಿರು ನಿಲ್ಲಿಸುತ್ತದೆ. ಮಂಡಲದ ಜಾತಿಯ ಹಾವುಗಳ ವಿಷ ಕೆಲಸ ಮಾಡುವುದು ರಕ್ತದಲ್ಲಿ. ಇಲಿಗಳನ್ನು ಅರಸಿ ಗದ್ದೆಯ ಬದುಗಳಿಗೆ ಬರುವ ಕೊಳಕುಮಂಡಲ, ಒಣ ಕಲ್ಲುನೆಲದಲ್ಲಿ ಅಡಗಿರುವ ಪುಟ್ಟ ಗರಗಸ ಮಂಡಲ, ಈ ಎರಡರ ವಿಷವೂ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಒಮ್ಮೆಲೇ ಕೆರಳಿಸುತ್ತದೆ. ಆಗ ಸೂಕ್ಷ್ಮ ರಕ್ತನಾಳಗಳಲ್ಲಿ ಕಣ್ಣಿಗೆ ಕಾಣದ ಹೆಪ್ಪುಗಳು ತುಂಬಿಕೊಳ್ಳುತ್ತವೆ, ಹೆಪ್ಪುಗಟ್ಟಿಸುವ ಅಂಶಗಳೆಲ್ಲ ಅಲ್ಲಿಯೇ ಖರ್ಚಾಗಿಹೋಗುವುದರಿಂದ ಉಳಿದ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ವಸಡಿನಿಂದಲೂ ಕಚ್ಚಿದ ಗಾಯದಿಂದಲೂ ರಕ್ತ ಒಸರತೊಡಗುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಹೃದಯ ಪ್ರತಿ ನಿಮಿಷ ದೂಡುವ ರಕ್ತದಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಪಡೆಯುವ ಮೂತ್ರಪಿಂಡಕ್ಕೆ ಇದರ ಹೊಡೆತ ಬೇಗನೆ ತಟ್ಟುತ್ತದೆ. ಅದರಲ್ಲಿಯೂ ಮೂತ್ರಪಿಂಡದ ಒಳಭಾಗದ ನಳಿಕೆಗಳ ಸ್ಥಿತಿ ಕಾಲುವೆಯ ಕೊನೆಭಾಗದ ರೈತರ ಸ್ಥಿತಿಯಂತಹದು. ನೀರು ತುಂಬಿ ಹರಿಯುವಾಗಲೂ ಅವರಿಗೆ ಸಿಗುವುದು ಕಡಿಮೆ, ಹರಿವು ತುಸು ತಗ್ಗಿದರೂ ಮೊದಲು ಒಣಗುವುದು ಅವರ ಹೊಲವೇ.

ಚುಘ್ ಮತ್ತು ಅವರ ಸಹೋದ್ಯೋಗಿಗಳು ಹಾವು ಕಚ್ಚಿದ ಮೇಲೆ ಮೂತ್ರ ನಿಂತವರ ಮೂತ್ರಪಿಂಡದಿಂದ ಸೂಜಿಯ ಮೂಲಕ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ, ಹೆಚ್ಚಿನವರಲ್ಲಿ ಕಂಡದ್ದು ನಳಿಕೆಗಳ ಒಳಪದರ ಸತ್ತು ಉದುರಿದ ಸ್ಥಿತಿ. ಇದಕ್ಕೆ ನಳಿಕಾ ನಾಶ ಎನ್ನಬಹುದು. ಈ ಪದರ ಮರಳಿ ಬೆಳೆಯುತ್ತದೆ. ಎರಡು ಮೂರು ವಾರ ಡಯಾಲಿಸಿಸ್‌ನಿಂದ ಜೀವ ಕಾಯ್ದುಕೊಂಡರೆ ಮೂತ್ರ ತಾನಾಗಿಯೇ ಬರತೊಡಗಿ ರೋಗಿ ಯಂತ್ರದ ಹಂಗಿಲ್ಲದೆ ಮನೆಗೆ ಹೋಗುತ್ತಾನೆ. ಆದರೆ ಗಣನೀಯ ಪಾಲಿನ ರೋಗಿಗಳಲ್ಲಿ ಮೂತ್ರಪಿಂಡದ ಹೊರಪದರವಾದ ಕಾರ್ಟೆಕ್ಸ್ ಪೂರ್ತಿಯಾಗಿಯೋ ಅಲ್ಲಲ್ಲಿ ತೇಪೆಯಂತೆಯೋ ಸತ್ತಿತ್ತು. ರಕ್ತವನ್ನು ಸೋಸುವ ಸಣ್ಣ ನಾಳಗುಚ್ಛಗಳು ಇರುವುದು ಈ ಪದರದಲ್ಲಿಯೇ ಆದ್ದರಿಂದ ಅದು ಸತ್ತರೆ ಮರಳುವ ಮಾತಿಲ್ಲ; ಆ ರೋಗಿಗೆ ಉಳಿಯುವುದು ಜೀವನಪರ್ಯಂತದ ಡಯಾಲಿಸಿಸ್ ಇಲ್ಲವೆ ಕಸಿ. ಗರಗಸ ಮಂಡಲದ ವಿಷ ರಕ್ತದ ಹೆಪ್ಪುಗಟ್ಟುವಿಕೆಯನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಅವರು ಮಂಗಗಳಲ್ಲಿಯೂ ಪರೀಕ್ಷಿಸಿ ನೋಡಿದರು. ಕಾರ್ಟೆಕ್ಸ್ ಸತ್ತ 113 ರೋಗಿಗಳ ಅಧ್ಯಯನವನ್ನು ಅವರ ತಂಡ 1994ರಲ್ಲಿ ಪ್ರಕಟಿಸಿತು. ಅವರಲ್ಲಿ ದೊಡ್ಡ ಪಾಲು ಗರ್ಭ ಮತ್ತು ಹೆರಿಗೆಯ ತೊಡಕಿಗೆ ಸಿಕ್ಕಿದ ಹೆಂಗಸರದು, ಉಳಿದ ಕಾರಣಗಳಲ್ಲಿ ಹಾವಿನ ಕಡಿತ ಪ್ರಮುಖವಾದದ್ದು.

ಚುಘ್ ಅವರ ವೃತ್ತಿಜೀವನದ ಅತ್ಯಂತ ಬೆಲೆಯುಳ್ಳ ಬರಹ ಯಾವುದೆಂದು ಕೇಳಿದರೆ, 1989ರಲ್ಲಿ ಪ್ರಕಟವಾದ ಚಂಡೀಗಢ ಅಧ್ಯಯನವನ್ನೇ ಹೇಳಬೇಕಾಗುತ್ತದೆ. 1965ರಿಂದ 1986ರವರೆಗೆ ಹಠಾತ್ ಮೂತ್ರಪಿಂಡ ವೈಫಲ್ಯದಿಂದ ಡಯಾಲಿಸಿಸ್‌ಗೆ ಒಳಗಾದವರ ಕಾರಣಗಳನ್ನು ಒಂದೊಂದಾಗಿ ವಿಂಗಡಿಸಿ, ಅವು ಕಾಲಕ್ರಮದಲ್ಲಿ ಹೇಗೆ ಬದಲಾದವು ಎಂದು ಅದು ತೋರಿಸುತ್ತದೆ. ವಾಂತಿಭೇದಿಯಿಂದ ಬರುತ್ತಿದ್ದವರ ಪಾಲು ಇಳಿದಿತ್ತು, ಗರ್ಭಪಾತ ಮತ್ತು ಹೆರಿಗೆಯ ನಂಜಿನಿಂದ ಬರುತ್ತಿದ್ದವರ ಪಾಲೂ ಇಳಿದಿತ್ತು. ಇದೇ ಎರಡು ದಶಕಗಳಲ್ಲಿ ವೈದ್ಯಕೀಯ ಗರ್ಭಪಾತಕ್ಕೆ ಅವಕಾಶ ಕೊಟ್ಟ 1971ರ ಕಾಯ್ದೆ ಬಂದಿತು, ಉಪ್ಪುಸಕ್ಕರೆ ನೀರಿನ ಒಆರ್‌ಎಸ್ ಪೊಟ್ಟಣ ಹಳ್ಳಿಗಳನ್ನು ತಲುಪಿತು. ಒಂದು ಕಾಯ್ದೆಯೂ ಒಂದು ಪೊಟ್ಟಣವೂ ಎಷ್ಟು ಮೂತ್ರಪಿಂಡಗಳನ್ನು ಯಂತ್ರದ ಹತ್ತಿರ ಸುಳಿಯದಂತೆ ಉಳಿಸಿದವು ಎಂಬುದನ್ನು ಯಾವ ಡಯಾಲಿಸಿಸ್ ಘಟಕದ ಲೆಕ್ಕವೂ ತೋರಿಸಲಾರದು, ಏಕೆಂದರೆ ಹಾಗೆ ಉಳಿದವರು ಘಟಕಕ್ಕೆ ಬರಲೇ ಇಲ್ಲ. ಕಾರಣಗಳನ್ನು ಇಪ್ಪತ್ತು ವರ್ಷ ಬಿಡದೆ ಬರೆದಿಟ್ಟದ್ದರಿಂದ ಮಾತ್ರ ಈ ಬದಲಾವಣೆ ಕಾಣುವಂತಾಯಿತು. ಸಾಮಾನ್ಯವಾಗಿ ಗುಮಾಸ್ತಿಕೆಯೆಂದು ಕಡೆಗಣಿಸಲಾಗುವ ಈ ದಾಖಲೆಯ ಕೆಲಸವೇ ಚುಘ್ ಅವರ ದೊಡ್ಡ ವಿಜ್ಞಾನವಾಗಿತ್ತು.

ಹಾವಿನ ವಿಷಯದಲ್ಲಿ ಅಂತಹ ಇಳಿಕೆ ಇನ್ನೂ ಆಗಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಹಾವಿನ ಕಡಿತದಿಂದ ಸತ್ತರೆಂದು ರಾಷ್ಟ್ರಮಟ್ಟದ ಅಧ್ಯಯನವೊಂದು 2020ರಲ್ಲಿ ಅಂದಾಜಿಸಿತು. ಬದುಕುಳಿದೂ ಮೂತ್ರಪಿಂಡ ಕಳೆದುಕೊಂಡವರು ಆ ಲೆಕ್ಕದಲ್ಲಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಈ ಕಾರಣಕ್ಕೆ ಮಹತ್ವದ ಹೆಜ್ಜೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ತಂಡ ನಡೆಸಿರುವ ಅಧ್ಯಯನಗಳು ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂದು ತೋರಿಸಿಕೊಟ್ಟಿವೆ. ನಾಲ್ಕು ಹಾವುಗಳ ವಿಷದಿಂದ ತಯಾರಿಸುವ, ಎಎಸ್‌ವಿ ಎಂದು ಕರೆಯುವ ಪ್ರತಿವಿಷಕ್ಕೆ ಬೇಕಾದ ವಿಷ ಬಹುಪಾಲು ತಮಿಳುನಾಡಿನ ಒಂದೇ ಸೀಮೆಯಿಂದ ಬರುತ್ತಿರುವುದರಿಂದ, ರಾಯಚೂರು ಸೀಮೆಯ ಹಾವಿನ ವಿಷಕ್ಕೆ ಅದು ಎಷ್ಟು ಚೆನ್ನಾಗಿ ನಾಟುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಹಾಗೆಂದು ಇರುವ ಪ್ರತಿವಿಷವನ್ನು ತಡಮಾಡಲು ಯಾವ ನೆಪವೂ ಇಲ್ಲ. ಮಂಡಲದ ವಿಷ ಏರಿದೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ: ರೋಗಿಯ ಅಭಿಧಮನಿಯಿಂದ 2 ಮಿ.ಲೀ. ರಕ್ತ ತೆಗೆದು ಸ್ವಚ್ಛವಾದ ಒಣ ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ನಳಿಕೆಯನ್ನು ಒಮ್ಮೆ ವಾಲಿಸಿದರೆ ಸಾಕು. ರಕ್ತ ಗಡ್ಡೆಕಟ್ಟಿ ನಿಂತಿದ್ದರೆ ಆ ಹೊತ್ತಿಗೆ ಸಮಾಧಾನ, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತಿರಬೇಕು. ನೀರಿನಂತೆ ಹರಿದು ಬಂದರೆ ಪ್ರತಿವಿಷ ಕೂಡಲೇ ಆರಂಭವಾಗಬೇಕು. ನಳಿಕೆ ಪ್ಲಾಸ್ಟಿಕ್ಕಿನದಾಗಿದ್ದರೆ ಫಲಿತಾಂಶ ನಂಬಲಾಗದು, ಏಕೆಂದರೆ ಹೆಪ್ಪುಗಟ್ಟುವ ಕ್ರಿಯೆಯನ್ನು ಗಾಜಿನ ಮೇಲ್ಮೈ ಚುರುಕುಗೊಳಿಸುವಂತೆ ಪ್ಲಾಸ್ಟಿಕ್ ಚುರುಕುಗೊಳಿಸುವುದಿಲ್ಲ. ಈ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ನಡೆದು ಮೊದಲ ಸೀಸೆಗಳು ಅಲ್ಲಿಯೇ ಏರಿದರೆ ಉಳಿಯಬಹುದಾದ ಮೂತ್ರಪಿಂಡ, ಕಾಲಿಗೆ ಬಿಗಿಯಾಗಿ ದಾರ ಕಟ್ಟಿ ಮಂತ್ರ ಹಾಕಿಸುತ್ತಲೋ, ಮೂರು ತಾಲ್ಲೂಕು ಕೇಂದ್ರಗಳಿಂದಲೂ ದೂರವಿರುವ ರಾಯಚೂರಿಗೆ ಗಾಡಿ ಹುಡುಕುತ್ತಲೋ ಕಳೆದ ಗಂಟೆಗಳಲ್ಲಿ ಹೋಗಿಬಿಡಬಹುದು.

ಇದಿಷ್ಟು ಹಠಾತ್ತಾಗಿ ನಿಲ್ಲುವ ಮೂತ್ರಪಿಂಡದ ಮಾತು. ಇಂದು ಡಯಾಲಿಸಿಸ್ ಹಾಸಿಗೆಗಳಲ್ಲಿ ವಾರವಾರವೂ ಮಲಗುವವರಲ್ಲಿ ಹೆಚ್ಚಿನವರು ಬೇರೆ ಬಗೆಯವರು. ಅವರ ಮೂತ್ರಪಿಂಡ ನಿಧಾನವಾಗಿ, ನೋವಿಲ್ಲದೆ, ವರ್ಷಗಟ್ಟಲೆ ಕೆಟ್ಟಿರುತ್ತದೆ. ಪ್ರತಿ ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳೆಂಬ ಸೋಸುವ ಘಟಕಗಳಿದ್ದು, ಅವುಗಳಲ್ಲಿ ಅರ್ಧದಷ್ಟು ಹೋದರೂ ಉಳಿದವು ಹೆಚ್ಚು ದುಡಿದು ಕೊರತೆಯನ್ನು ಮುಚ್ಚಿಬಿಡುತ್ತವೆ. ಕಾಲು ಬಾತು, ಉಬ್ಬಸ ಬಂದು, ಊಟ ಸೇರದಂತಾಗುವ ಹೊತ್ತಿಗೆ ಕಾಲ ಮೀರಿರುತ್ತದೆ. ದೇಶದ ಮೂತ್ರಪಿಂಡ ರೋಗಿಗಳ ದಾಖಲಾತಿಯ 2012ರ ವರದಿಯಲ್ಲಿ, ನೋಂದಾಯಿಸಿಕೊಂಡ 52,273 ವಯಸ್ಕರ ಪೈಕಿ ಶೇ 31ರಷ್ಟು ಮಂದಿಗೆ ಸಕ್ಕರೆ ಕಾಯಿಲೆಯೂ ಶೇ 13ರಷ್ಟು ಮಂದಿಗೆ ರಕ್ತದೊತ್ತಡವೂ ಕಾರಣವಾಗಿದ್ದವು. ಶೇ 16ರಷ್ಟು ಮಂದಿಯ ಕಾಯಿಲೆಗೆ ಕಾರಣವೇ ಗೊತ್ತಾಗಿರಲಿಲ್ಲ. ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ, ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ್ಯದ ನೆಲ್ಲಿನ ಸೀಮೆ, ಮಧ್ಯ ಅಮೆರಿಕದ ಕಬ್ಬಿನ ತೋಟಗಳು, ಇಲ್ಲೆಲ್ಲ ಸಕ್ಕರೆಯೂ ಬಿ.ಪಿ.ಯೂ ಇಲ್ಲದ ದುಡಿಮೆಗಾರರ ಮೂತ್ರಪಿಂಡಗಳು ಕೆಡುತ್ತಿರುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಸುಡುಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವುದು, ಕೀಟನಾಶಕ, ಕುಡಿಯುವ ನೀರಿನಲ್ಲಿರುವ ಪದಾರ್ಥಗಳು ಎಂದು ಹಲವು ಕಾರಣಗಳನ್ನು ಮುಂದಿಟ್ಟಿದ್ದರೂ ಒಂದರ ಮೇಲೆ ಒಮ್ಮತ ಮೂಡಿಲ್ಲ. ಈ ಪಟ್ಟಿಯನ್ನು ಓದುವ ಸಿಂಧನೂರಿನ ಓದುಗರಿಗೆ ತಮ್ಮ ಊರಿನ ಬೇಸಿಗೆ, ಗದ್ದೆಯ ಔಷಧಿ ಸಿಂಪಡಣೆ, ಕೊಳವೆಬಾವಿಯ ನೀರು ನೆನಪಾದರೆ ಅದು ಸಹಜ. ಅಲ್ಲಿನ ಕಾಯಿಲೆ ಇಲ್ಲಿಯೂ ಇದೆಯೆಂದು ಇದರಿಂದ ತೀರ್ಮಾನಿಸುವುದು ತಪ್ಪಾಗುತ್ತದೆ. ನೋಡದೆಯೇ ಇಲ್ಲವೆನ್ನುವುದೂ ಅಷ್ಟೇ ತಪ್ಪು. ಒಂದು ಕಾರಣವಂತೂ ಹುಡುಕಬೇಕಾದ್ದಿಲ್ಲ: ದಿನವೆಲ್ಲ ಬಗ್ಗಿ ನಾಟಿ ಮಾಡಿದ ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಗುಳಿಗೆಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ, ಮೈಯಲ್ಲಿ ನೀರು ಕಡಿಮೆಯಾಗಿದ್ದಾಗ ಅವುಗಳ ಹಾನಿ ಇಮ್ಮಡಿಸುತ್ತದೆ.

ನೀರಿನ ಪ್ರಶ್ನೆ ಯಂತ್ರದ ಬಳಿಗೂ ಬರುತ್ತದೆ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ನಲ್ಲಿ ನಿಮಿಷಕ್ಕೆ 500 ಮಿ.ಲೀ.ನಂತೆ ಸುಮಾರು 120 ಲೀಟರ್ ದ್ರವ ಪೊರೆಯಾಚೆ ಹರಿಯುತ್ತದೆ. ವಾರಕ್ಕೆ ಮೂರು ಸಲವಾದರೆ 360 ಲೀಟರ್. ಕುಡಿದ ನೀರಿನಲ್ಲಿರುವ ಫ್ಲೋರೈಡನ್ನು ಕರುಳೂ ಮೂತ್ರಪಿಂಡವೂ ಒಂದಿಷ್ಟು ತಡೆದು ಹೊರಹಾಕುತ್ತವೆ, ಆದರೆ ಡಯಾಲಿಸಿಸ್ ನೀರಿನಲ್ಲಿರುವುದು ನೇರವಾಗಿ ರಕ್ತಕ್ಕೆ ಸೇರುತ್ತದೆ. 1993ರಲ್ಲಿ ಅಮೆರಿಕದ ಷಿಕಾಗೊ ನಗರದ ಘಟಕವೊಂದರಲ್ಲಿ ನೀರು ಶುದ್ಧೀಕರಿಸುವ ಸಾಧನ ತನ್ನ ಶಕ್ತಿ ಮುಗಿದು ಫ್ಲೋರೈಡನ್ನು ಹೊರಬಿಟ್ಟಾಗ 12 ರೋಗಿಗಳು ಅಸ್ವಸ್ಥರಾಗಿ, ಅವರಲ್ಲಿ ಮೂವರು ತೀರಿಕೊಂಡರು. ಅಂತರ್ಜಲದ ಫ್ಲೋರೈಡಿಗೆ ಹೆಸರಾದ ರಾಯಚೂರು ಜಿಲ್ಲೆಯಲ್ಲಿ ಡಯಾಲಿಸಿಸ್ ಕೊಠಡಿಯ ಪಕ್ಕದ, ನೀರು ಶುದ್ಧೀಕರಿಸುವ ಆರ್‌ಒ ಘಟಕ ಯಂತ್ರದಷ್ಟೇ ಮುಖ್ಯವಾದದ್ದು. ಅದರ ಪೊರೆ ಯಾವಾಗ ಬದಲಾಯಿತು, ನೀರಿನ ಪರೀಕ್ಷೆ ಯಾವಾಗ ನಡೆಯಿತು ಎಂದು ರೋಗಿಯ ಮನೆಯವರು ಕೇಳಿದರೆ ಅದು ಅಧಿಕಪ್ರಸಂಗವಲ್ಲ.

2016–17ರ ಕೇಂದ್ರ ಬಜೆಟ್ಟು ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸುವಾಗ, ದೇಶದಲ್ಲಿ ವರ್ಷಕ್ಕೆ 2.2 ಲಕ್ಷ ಹೊಸ ರೋಗಿಗಳು ಸೇರುತ್ತಾರೆಂದೂ, ಒಂದು ಸಲಕ್ಕೆ ಸುಮಾರು 2,000 ರೂಪಾಯಿಯಂತೆ ವರ್ಷಕ್ಕೆ 3 ಲಕ್ಷಕ್ಕೂ ಮೀರಿ ಖರ್ಚಾಗುತ್ತದೆಂದೂ, ಬೇಡಿಕೆಯ ಅರ್ಧ ಮಾತ್ರ ಪೂರೈಕೆಯಾಗುತ್ತಿದೆಯೆಂದೂ ಒಪ್ಪಿಕೊಂಡಿತ್ತು. ಆ ಮೇಲೆ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಿಗೆ ಉಚಿತ ಡಯಾಲಿಸಿಸ್ ವಿಸ್ತರಿಸಿದ್ದು ನಿಜವಾದ ಸಾಧನೆ. ಚಿಕಿತ್ಸೆ ಉಚಿತವಾದರೂ ವಾರಕ್ಕೆ ಮೂರು ದಿನದ ಕೂಲಿಯ ನಷ್ಟ ಮತ್ತು ಓಡಾಟದ ಖರ್ಚು ತಪ್ಪುವುದಿಲ್ಲವಾದ್ದರಿಂದ, ಹಾಸಿಗೆ ಊರಿಗೆ ಹತ್ತಿರ ಬಂದಷ್ಟೂ ಚಿಕಿತ್ಸೆ ನಡುವೆ ಬಿಡುವವರು ಕಡಿಮೆಯಾಗುತ್ತಾರೆ. ಆದರೆ ಕೋಲ್ಫ್ ಅವರ ಯಂತ್ರ ತಾಲ್ಲೂಕಿಗೆ ಬಂದಷ್ಟು ಬೇಗ ಚುಘ್ ಅವರ ಪ್ರಶ್ನೆ ತಾಲ್ಲೂಕಿಗೆ ಬಂದಿಲ್ಲ. ಅದನ್ನು ತರಲು ಹೊಸ ಕಟ್ಟಡವಾಗಲಿ ಹೊಸ ಯಂತ್ರವಾಗಲಿ ಬೇಡ. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಿಂದ ಡಯಾಲಿಸಿಸ್‌ಗೆ ಬರುವ ಪ್ರತಿಯೊಬ್ಬರ ಊರು, ಕಸುಬು, ಕುಡಿಯುವ ನೀರಿನ ಮೂಲ, ನುಂಗಿದ ಗುಳಿಗೆಗಳು, ಸಕ್ಕರೆ ಮತ್ತು ಬಿ.ಪಿ.ಯ ಇತಿಹಾಸ, ಹಾವು ಕಚ್ಚಿದ್ದರೆ ಮೊದಲ ಪ್ರತಿವಿಷ ಸಿಕ್ಕ ಹೊತ್ತು, ಇಷ್ಟನ್ನು ಒಂದೇ ನಮೂನೆಯಲ್ಲಿ ಬರೆದಿಡುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಆರಂಭಿಸಬೇಕು, ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಅದನ್ನು ವರ್ಷಕ್ಕೊಮ್ಮೆ ವಿಶ್ಲೇಷಿಸಿ ಜನರ ಮುಂದಿಡಬೇಕು. ಓದುಗರಲ್ಲಿ ಸಕ್ಕರೆ ಕಾಯಿಲೆಯೋ ಬಿ.ಪಿ.ಯೋ ಇರುವವರು ವರ್ಷಕ್ಕೊಮ್ಮೆಯಾದರೂ ಮೂತ್ರದ ಪ್ರೋಟೀನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಂಡು, ಆ ಚೀಟಿಗಳನ್ನು ಎಸೆಯದೆ ಜೋಪಾನವಾಗಿ ಇಟ್ಟುಕೊಳ್ಳಬೇಕು.